ಯಂತ್ರಕ್ಕೆ ಕನ್ನಡ ತಿದ್ದಲು ಕಲಿಸಿದ ವರ್ಷ

ಕಳೆದ ವಾರ ಶಿರಹಟ್ಟಿಯ ಒಂದು ಹೈಸ್ಕೂಲಿನವರು ನನ್ನನ್ನು ಭಾಷಣ ಸ್ಪರ್ಧೆಯ ತೀರ್ಪುಗಾರನಾಗಿ ಕರೆದಿದ್ದರು. ನಿವೃತ್ತ ಕನ್ನಡ ಮಾಸ್ತರನಿಗೆ ಈ ಲೋಕದಲ್ಲಿ ಉಳಿದಿರುವ ಅಧಿಕಾರ ಇಷ್ಟೇ: ಶಾಲು ಹೊದಿಸಿಕೊಳ್ಳುವುದು, ಹತ್ತಕ್ಕೆ ಇಷ್ಟು ಎಂದು ಬರೆದುಕೊಡುವುದು. ಎರಡನ್ನೂ ಸಾಂಗವಾಗಿ ಮುಗಿಸಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೂರಿಸಿ ಗಿರ್ಮಿಟ್ ಕೊಟ್ಟರು. ಒಗ್ಗರಣೆಗೆ ಕಲಸಿದ ಚುರಮರಿ, ಮೇಲೆ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಬದಿಗೆ ಒಂದು ಮಿರ್ಚಿ. ಪಕ್ಕದ ಮೇಜಿನ ಮೇಲೆ ದಾರ ಕಟ್ಟಿದ ಉತ್ತರ ಪತ್ರಿಕೆಗಳ ಬಂಡಲ್ಲು. ಹಸಿ ಉಳ್ಳಾಗಡ್ಡಿಯ ವಾಸನೆಯೂ ಮಕ್ಕಳು ಬರೆದ ಕಾಗದದ ವಾಸನೆಯೂ ಕೂಡಿ ಮೂಗಿಗೆ ಬಂದದ್ದೇ ತಡ, ನಾನು ಶಿರಹಟ್ಟಿಯಲ್ಲಿ ಇರಲಿಲ್ಲ. ಎದುರಿಗಿದ್ದ ಮಾಸ್ತರರೊಬ್ಬರು ಏನೋ ಕೇಳುತ್ತಿದ್ದರು, ನಾನು ಹೂಂ ಹೂಂ ಅನ್ನುತ್ತಿದ್ದೆ, ಮನಸ್ಸು ಬೆಟಗೇರಿಯಲ್ಲಿತ್ತು.

ಅದು ನನ್ನ ನೌಕರಿಯ ಕೊನೆಯ ವರ್ಷ. ಬಹಳ ಕಾಲವೇನೂ ಆಗಿಲ್ಲ. ಬೆಟಗೇರಿಯ ನೇಕಾರರ ಓಣಿಗಳ ಅಂಚಿಗೆ ನಮ್ಮ ಹೈಸ್ಕೂಲು. ತರಗತಿಯಲ್ಲಿ ಮಕ್ಕಳು ಸುಮ್ಮನಾದರೆ ಮಗ್ಗದ ಸದ್ದು ಕೇಳಿಸುತ್ತಿತ್ತು. ಅವರು ಸುಮ್ಮನಾಗುತ್ತಿದ್ದುದು ಅಪರೂಪವಾದ್ದರಿಂದ ಆ ಸದ್ದು ನನಗೆ ಬಹಳ ಪ್ರಿಯ.

ಮೊದಲು ನಮ್ಮ ಶಾಲೆಯ ಒಂದು ಪದ್ಧತಿಯನ್ನು ಹೇಳಬೇಕು. ನಾನು ಸೊರಟೂರಿನ ಒಕ್ಕಲುತನದ ಮನೆಯವನು. ನಮ್ಮಲ್ಲಿ ಮುಯ್ಯಿ ಅಂತ ಇದೆ: ಇವತ್ತು ನಮ್ಮ ಹೊಲದ ಕೆಲಸಕ್ಕೆ ನೀವು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿಯಿಲ್ಲ, ಊಟ ಮಾತ್ರ. ಈ ಪದ್ಧತಿಯನ್ನು ನಾನು ಉತ್ತರ ಪತ್ರಿಕೆಗಳಿಗೆ ತಂದೆ. ಶಿಕ್ಷಣ ಕ್ಷೇತ್ರಕ್ಕೆ ನನ್ನಿಂದ ಸಂದ ಕಾಣಿಕೆ ಅದೊಂದೇ. ಎಂಟು, ಒಂಬತ್ತನೇ ತರಗತಿಯ ಪತ್ರಿಕೆಗಳನ್ನು ಅವರವರು ಮನೆಗೆ ಒಯ್ದು ತಿದ್ದಿಕೊಳ್ಳಬೇಕು. ಹತ್ತನೆಯದರ ದಪ್ಪ ಬಂಡಲ್ಲು ಬಂದಾಗ ಮಾತ್ರ ಮುಯ್ಯಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ಹಾಲಿನಲ್ಲಿ ಜಮಖಾನೆ ಹಾಸಿ, ನಡುವೆ ಗಿರ್ಮಿಟ್ಟಿನ ಪುಟ್ಟಿ ಇಟ್ಟುಕೊಂಡು, ಒಬ್ಬರ ಪತ್ರಿಕೆಗೆ ಇನ್ನೊಬ್ಬರು ಕೈಹಚ್ಚುವುದು.

ನನ್ನ ಮುಯ್ಯಾಳು ದೈಹಿಕ ಶಿಕ್ಷಕ ಹೊನ್ನಪ್ಪ. ಕೊರ್ಲಹಳ್ಳಿಯವನು, ಹೊಳೆಯಲ್ಲಿ ಈಜಿ ಬೆಳೆದ ಆಳು. ಅವನು ಸೀಟಿ ಊದಿದರೆ ಗದಗ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತದೆ ಎಂದು ಹುಡುಗರು ಹೇಳುತ್ತಿದ್ದರು. ಅವನ ಕ್ರೀಡಾ ವರದಿಗಳನ್ನೆಲ್ಲ ನಾನು ಬರೆದುಕೊಡುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಅವನು ಮಾದರಿ ಉತ್ತರದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕನ್ನಡ ಪತ್ರಿಕೆಗಳಿಗೆ ಸರಿ ಎಂಬ ಗೀಟು ಹಾಕಿ ಅಂಕ ಕೊಡುತ್ತಿದ್ದ. ಮೊದಮೊದಲು ಒಂದು ಅಂಕದ ಪ್ರಶ್ನೆಗಳಿಗೆ ಮಾತ್ರ. ವರ್ಷ ಕಳೆದಂತೆ ಎಲ್ಲದಕ್ಕೂ. ಕೊನೆಗೆ ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಮಾತು ಬರೆದು ಸಹಿ ಮಾಡುತ್ತಿದ್ದೆ. ಅಂಕ ಯಾರಾದರೂ ಕೊಟ್ಟಾರು, ಆ ಒಂದು ಮಾತಿನಲ್ಲಿ ಗುರುವಿನ ಆತ್ಮ ಇರುತ್ತದೆ ಎಂದು ನಾನು ನಂಬಿದ್ದೆ.

ಜೂನಿನಲ್ಲಿ, ಕಪ್ಪತಗುಡ್ಡದ ಕಡೆಯಿಂದ ಗಾಳಿ ಧೂಳೆಬ್ಬಿಸುತ್ತಿದ್ದ ಒಂದು ಮಧ್ಯಾಹ್ನ, ಹೆಡ್‌ಮಾಸ್ತರು ಸಭೆ ಕರೆದರು. ಅಂಗಡಿ ಅಂತ ಅವರ ಮನೆತನದ ಹೆಸರು, ನಮಗೆಲ್ಲ ಅಂಗಡಿಯವರು. ಒಳ್ಳೆಯ ಮನುಷ್ಯ. ಆದರೆ ಮ್ಯಾನೇಜ್‌ಮೆಂಟಿನ ಪತ್ರ ಓದುವಾಗ ಅವರ ದನಿ ಶ್ರದ್ಧಾಂಜಲಿ ಸಭೆಯ ದನಿಯಾಗುತ್ತಿತ್ತು.

"ಈ ವರ್ಷದಿಂದ ಹತ್ತನೇತ್ತಾದ ಉತ್ತರ ಪತ್ರಿಕೆ ಕೃತಕ ಬುದ್ಧಿಮತ್ತೆ ತಿದ್ದತೈತಿ. ಉಳಿದ ವೇಳ್ಯಾ ಶಿಕ್ಷಕರು ಪಾಠಕ್ಕ ಕೊಡಬೇಕು ಅಂತ ಮ್ಯಾನೇಜ್‌ಮೆಂಟಿನವರ ಇಚ್ಛಾ."

ಹೊನ್ನಪ್ಪ ಎದ್ದು ನಿಂತ. "ಸರ, ಹಂಗಾರ ಶನಿವಾರ ನಾವು ಏನ ಮಾಡೂದ್ರಿ?"

"ಮನಿಗೆ ಹೋಗ್ರಿ."

"ಮನ್ಯಾಗ ಏನ ಮಾಡೂದ್ರಿ?"

ಅಂಗಡಿಯವರು ಪತ್ರವನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. ಅದಕ್ಕೆ ಉತ್ತರ ಪತ್ರದಲ್ಲಿ ಇರಲಿಲ್ಲ.

ಯಂತ್ರದ ಉಸ್ತುವಾರಿ ಗಣಿತದ ಸವಿತಾ ಮಿಸ್ಸಿಗೆ ಬಂತು. ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಯಂತ್ರ ಅಂದರೆ ನಾನು ಪೆಟ್ಟಿಗೆಯಂಥದ್ದೇನೋ ಬರುತ್ತದೆ, ಅದಕ್ಕೊಂದು ಕುಂಕುಮ ಹಚ್ಚಬೇಕಾಗುತ್ತದೆ ಅಂದುಕೊಂಡಿದ್ದೆ. ಬಂದದ್ದು ಅವಳ ಮೊಬೈಲಿಗೆ. ಉತ್ತರ ಪತ್ರಿಕೆಯ ಫೋಟೊ ತೆಗೆದು ಕಳಿಸಿದರೆ ಸಾಕು, ಅಂಕವೂ ಅಭಿಪ್ರಾಯವೂ ಬರುತ್ತವೆ.

"ಅದು ತನ್ನಷ್ಟಕ್ಕ ತಾನ ತಿದ್ದಂಗಿಲ್ರಿ ಸರ," ಅಂದಳು. "ನೀವು ಹ್ಯಾಂಗ ತಿದ್ದತೀರಿ ಅಂತ ಮೊದಲ ನೋಡತೈತಿ. ಹೋದ ವರ್ಷ ನೀವು ತಿದ್ದಿದ್ದು ಮೂವತ್ತು ಪೇಪರ್ ಕೊಡ್ರಿ. ಅದನ್ನ ನೋಡಿ ಕಲೀತೈತಿ."

"ನನ್ನಂಗ ತಿದ್ದತೈತಿ ಅಂತೀಯೇನು?"

"ಅಗದಿ ನಿಮ್ಮಂಗ."

ಮೂರು ದಶಕ ಮಕ್ಕಳಿಗೆ ಪಾಠ ಹೇಳಿ ನನ್ನಂತೆ ಯಾರೂ ಆಗಿರಲಿಲ್ಲ. ಈಗ ಒಂದು ಯಂತ್ರ ಆಗುತ್ತೇನೆ ಅನ್ನುತ್ತಿದೆ. ನನಗೆ ಎಷ್ಟು ಉಬ್ಬು ಬಂತೆಂದರೆ, ಕಪಾಟಿನಿಂದ ಹಿಂದಿನ ವರ್ಷದ ಹತ್ತನೇ ತರಗತಿಯ ಬಂಡಲ್ಲು ತೆಗೆದು, ಮೇಲಿನ ಮೂವತ್ತನ್ನು ಎಣಿಸಿ, ಧೂಳು ಕೊಡವಿ, ಎರಡೂ ಕೈಯಿಂದ ಅವಳಿಗೆ ಒಪ್ಪಿಸಿದೆ. ಆ ಗಳಿಗೆಯಲ್ಲಿ ಮುಯ್ಯಿ ಎಂಬ ಎರಡಕ್ಷರ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಜುಲೈನ ಮೊದಲ ಕಿರುಪರೀಕ್ಷೆಗೆ ಜಿಟಿಜಿಟಿ ಮಳೆ ಹಿಡಿದಿತ್ತು. ತರಗತಿಯೊಳಗೆ ಫೋಟೊಗೆ ಬೆಳಕು ಸಾಲದು ಎಂದು ಪತ್ರಿಕೆಗಳನ್ನು ಪಡಸಾಲೆಗೆ ತಂದೆವು. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಿದ್ದವರು ಈ ತಪ್ಪು ಮಾಡುವುದಿಲ್ಲ. ಗೊತ್ತಿದ್ದ ನಾವು ಮಾಡಿದೆವು. ಒಂಬತ್ತು ಪತ್ರಿಕೆ ಹಾರಿದವು. ಹೊನ್ನಪ್ಪ ಮೈದಾನದ ತುಂಬ ಓಡಿ ಎಂಟನ್ನು ಹಿಡಿದ. ಒಂಬತ್ತನೆಯದು ಬೇವಿನ ಮರದಲ್ಲಿ ಕೂತಿತು. "ಬರದಾಂವ ಅಲ್ಲೇ ಏರಿ ತಿದ್ದಿಸ್ಕೊಳ್ಳಲಿ," ಅಂದ ಅವನು, ಏದುಸಿರು ಬಿಡುತ್ತ. ಆದರೂ ಚಹ ಕುಡಿದು ಕಪ್ಪು ಇಡುವಷ್ಟರಲ್ಲಿ, ಮರದ ಮೇಲಿನದೊಂದು ಬಿಟ್ಟು, ಇಡೀ ತರಗತಿಯ ಅಂಕ ಬಂದಿತ್ತು. ಒಂದೊಂದು ಪತ್ರಿಕೆಗೂ ಕೆಳಗೆ ಒಂದೊಂದು ಅಭಿಪ್ರಾಯ. ನಾನು ನಾಲ್ಕೈದು ಓದಿ ನೋಡಿದೆ. ಅಚ್ಚುಕಟ್ಟಾಗಿದ್ದವು. ನಾನೇ ಬರೆದಂತಿದ್ದವು.

ಆ ಮಳೆಗಾಲ ನಾನು ನಾಲ್ಕೂವರೆಗೆ ಮನೆ ಸೇರತೊಡಗಿದೆ. ಹೆಂಡತಿ ಮೊದಲ ದಿನ ಹಣೆ ಮುಟ್ಟಿ ನೋಡಿದಳು. ಎರಡನೆಯ ದಿನ, "ಸಾಲ್ಯಾಗ ಯಾರರ ಏನರ ಅಂದ್ರೇನು?" ಅಂದಳು. ಮೂರನೆಯ ದಿನದಿಂದ ಉಳ್ಳಾಗಡ್ಡಿ ಹೆಚ್ಚಲು ಕೊಟ್ಟಳು. ಕೈಗೆ ಕೆಂಪು ಶಾಯಿ ಹತ್ತದ ಬದುಕು ಸುಖವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಕಡಿಮೆಯಾದದ್ದು ಏನೆಂದು ತಿಳಿಯಲು ಸೆಪ್ಟೆಂಬರ್ ಬರಬೇಕಾಯಿತು. ಮೊದಲೆಲ್ಲ ಪತ್ರಿಕೆ ಹಂಚಿದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಸಂತೆ ನೆರೆಯುತ್ತಿತ್ತು. "ಸರ, ಅರ್ಧಾ ಮಾರ್ಕ್ಸ ಬಿಟ್ಟೀರಿ." "ಸರ, ಅಕಿಗೆ ಕೊಟ್ಟೀರಿ, ನನಗ ಯಾಕ ಇಲ್ರಿ?" ಅರ್ಧ ಅಂಕಕ್ಕೆ ಅವರು ಮಾಡುತ್ತಿದ್ದ ವಾದದಲ್ಲಿ ಪಾಠ ಎಷ್ಟು ತಲೆಗೆ ಹೋಗಿದೆ ಎನ್ನುವುದು ನನಗೆ ಗೊತ್ತಾಗುತ್ತಿತ್ತು. ಈಗ ಯಾರೂ ಬರುತ್ತಿರಲಿಲ್ಲ. ಯಂತ್ರದ ಮುಂದೆ ನಿಂತು ಚೌಕಾಸಿ ಮಾಡಲು ಅದಕ್ಕೊಂದು ಮೇಜು ಇರಲಿಲ್ಲ. ನನ್ನ ಮೇಜಿನ ಹತ್ತಿರ ಬಂದರೂ, "ನಿಮಗ ಏನ್ ಗೊತ್ತಿರತೈತಿ ಬಿಡ್ರಿ ಸರ," ಎಂಬ ಮರ್ಯಾದೆಯ ಮುಖ ಮಾಡಿ ಹೋಗುತ್ತಿದ್ದರು. ಬಯ್ಯುತ್ತ ತಿದ್ದುತ್ತಿದ್ದ ಕಾಲದಲ್ಲಿ ಬಯ್ಯುವುದಕ್ಕಾದರೂ ಒಬ್ಬೊಬ್ಬರ ಅಕ್ಷರ ಪರಿಚಯವಿರುತ್ತಿತ್ತು. ಆ ವರ್ಷ ಹತ್ತನೇ ತರಗತಿಯ ಅರುವತ್ತಕ್ಕೂ ಮಿಕ್ಕಿದ ಮಕ್ಕಳಲ್ಲಿ ಯಾರ ಅಕ್ಷರ ಯಾವುದು ಎಂದರೆ ನಾನು ಹೇಳಲಾರದವನಾಗಿದ್ದೆ.

ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದು, ಯಂತ್ರ ಅಂಕ ಕೊಟ್ಟು, ಅಂಗಡಿಯವರು ಒಂದು ಪಟ್ಟಿ ತೂಗುಹಾಕಿದರು. ಯಾವುದೇ ಒಂದು ವಿಷಯದಲ್ಲಿ ನಲವತ್ತರ ಕೆಳಗೆ ಬಿದ್ದವರು ದೀಪಾವಳಿ ರಜೆ ಮುಗಿದ ಮೇಲೆ ಪಾಸಿಂಗ್ ಪ್ಯಾಕೇಜಿನ ತರಗತಿಗೆ ಹೋಗಬೇಕು. ಪಾಸಿಂಗ್ ಪ್ಯಾಕೇಜ್ ಅಂದರೆ ಎಸ್ಸೆಸ್ಸೆಲ್ಸಿಯಲ್ಲಿ ದಾಟಲು ಬೇಕಾದ ಪ್ರಶ್ನೆಗಳನ್ನಷ್ಟೇ ಉರುಹೊಡೆಸುವುದು. ಎಲ್ಲ ವಿಷಯದಲ್ಲೂ ಅಷ್ಟೇ, ಅದಕ್ಕಿಂತ ಹೆಚ್ಚು ಒಂದು ಲೆಕ್ಕವನ್ನೂ ಅಲ್ಲಿ ಮಾಡಿಸುವುದಿಲ್ಲ.

ಅವತ್ತು ಸವಿತಾ ಮಿಸ್ ನನ್ನ ಮುಂದೆ ಬಂದು ನಿಂತಳು. ಕೂರಲಿಲ್ಲ.

"ಸರ, ಗಿರಿಜಾನ ಹೆಸರು ಆ ಪಟ್ಟಿಯೊಳಗ ಐತ್ರಿ."

"ಯಾವ ಗಿರಿಜಾ?"

"ನೇಕಾರ ರತ್ನವ್ವನ ಮಗಳು. ಕಿಡಕಿ ಬಾಜೂಕ ಕುಂಡ್ರತಾಳಲ್ರಿ. ಗಣಿತದಾಗ ನನ್ನ ಕ್ಲಾಸಿಗೆ ಮೊದಲನೇಕಿ ಅಕಿ. ವಿಜ್ಞಾನದಾಗೂ ಚೊಲೋ ಅದಾಳ. ಬಿದ್ದಿದ್ದು ಒಂದ ವಿಷಯದಾಗ."

"ಯಾವುದು?"

ಸವಿತಾ ಮೊಬೈಲನ್ನು ನನ್ನ ಕಡೆಗೆ ತಿರುಗಿಸಿದಳು. ಕನ್ನಡದಲ್ಲಿ ಮೂವತ್ತೆಂಟು.

"ಪ್ಯಾಕೇಜಿಗೆ ಹೋದ್ರ ಅಕಿಗೆ ಪೂರ್ತಿ ಗಣಿತ ಸಿಗೂದಿಲ್ರಿ ಸರ. ಮುಂದ ಸೈನ್ಸ್ ತಗೊಳ್ಳಾಕ ಆಗೂದಿಲ್ಲ. ನೀವು ಒಮ್ಮೆ ಪೇಪರ್ ನೋಡ್ರಿ."

ನೋಡಿದೆ. ಆ ವರ್ಷ ನಾನು ಕೈಯಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಉತ್ತರ ಪತ್ರಿಕೆ ಅದು. ಬಹಳ ಹೊತ್ತು ಹಿಡಿಯಲಿಲ್ಲ, ಅಷ್ಟು ಸಣ್ಣದು. ಶಾಲೆಯ ಗ್ರಂಥಾಲಯದ ಬಗ್ಗೆ ಮುಖ್ಯಾಧ್ಯಾಪಕರಿಗೆ ಮನವಿ ಪತ್ರ ಬರೆಯಿರಿ ಎಂದು ಐದು ಅಂಕದ ಪ್ರಶ್ನೆ ಕೇಳಿದ್ದೆ. ಮಕ್ಕಳು ಎಂದಿನಂತೆ ಗ್ರಂಥಾಲಯವು ಜ್ಞಾನದ ದೇಗುಲ ಎಂದು ಶುರುಮಾಡಿ ಎರಡು ಪುಟ ನಡೆದಿದ್ದರು. ಗಿರಿಜಾ ಬರೆದದ್ದು ಇಷ್ಟು:

"ಮಾನ್ಯರೆ, ನಮ್ಮ ಗ್ರಂಥಾಲಯದ ಕಪಾಟಿಗೆ ಬೀಗ ಇದೆ. ಕೀಲಿಕೈ ಯಾರ ಹತ್ತಿರ ಇದೆ ಎಂದು ಮೂವರು ಗುರುಗಳನ್ನು ಕೇಳಿದೆ. ಮೂವರೂ ಇನ್ನೊಬ್ಬರ ಹೆಸರು ಹೇಳಿದರು. ಹೊಸ ಪುಸ್ತಕ ಬೇಡ. ಕೀಲಿಕೈ ಯಾರದು ಎಂದು ಒಂದು ಚೀಟಿ ಅಂಟಿಸಿರಿ. ಇಂತಿ ತಮ್ಮ ವಿದ್ಯಾರ್ಥಿನಿ."

ಐದಕ್ಕೆ ಒಂದು ಅಂಕ. ಕೆಳಗೆ ಯಂತ್ರದ ಅಭಿಪ್ರಾಯ: "ವಿಷಯವನ್ನು ಇನ್ನಷ್ಟು ವಿಸ್ತರಿಸಿ ಬರೆ."

ಮೂವರಲ್ಲಿ ಒಬ್ಬ ನಾನು. ಗ್ರಂಥಾಲಯದ ಜವಾಬ್ದಾರಿ ದಾಖಲೆಯ ಪ್ರಕಾರ ನನ್ನದೇ. ನಾನು ಅವಳಿಗೆ ಹೇಳಿದ ಹೆಸರು ಹೊನ್ನಪ್ಪನದು. ಡ್ರಾಯರ್ ಎಳೆದು ನೋಡಿದೆ. ಕೀಲಿಕೈ ಸೀಮೆಸುಣ್ಣದ ಡಬ್ಬಿಯ ಕೆಳಗೆ ಹಾಯಾಗಿ ಮಲಗಿತ್ತು.

"ಯಂತ್ರಕ್ಕ ಬುದ್ಧಿ ಇಲ್ಲ," ಅಂದೆ, ಸಿಟ್ಟಿನಿಂದ. "ಇದಕ್ಕ ಒಂದು ಕೊಡತೈತಿ? ನಾ ಆಗಿದ್ರ ನಾಲ್ಕು ಕೊಡತಿದ್ದೆ."

"ಅದು ನಿಮ್ಮನ್ನ ನೋಡೇ ಕಲತೈತಿ ಸರ." ಸವಿತಾ ಮೊಬೈಲಿನಲ್ಲಿ ನನ್ನ ಮೂವತ್ತು ಪತ್ರಿಕೆಗಳನ್ನು ತೆಗೆದು ತೋರಿಸಿದಳು. "ನೋಡ್ರಿ, ಎರಡ ಪುಟ ಬರದವ್ರಿಗೆ ನಾಲ್ಕು, ಒಂದ ಪುಟಕ್ಕ ಮೂರು, ಅರ್ಧಕ್ಕ ಎರಡು. ಎಲ್ಲಾದ್ರಾಗೂ ಹಂಗ ಐತಿ."

ನಾನು ಗೀಟುಗಳನ್ನು ನೋಡಿದೆ. ದೊಡ್ಡ ಗೀಟು, ಬಾಲವನ್ನು ಮೇಲಕ್ಕೆ ಎಸೆದದ್ದು, ಜಾವೆಲಿನ್ ಎಸೆದ ಹಾಗೆ. ನನ್ನದಲ್ಲ. ಆಗ ಗೊತ್ತಾಯಿತು, ಕನ್ನಡ ಸಾಹಿತ್ಯದ ಮೌಲ್ಯಮಾಪನವನ್ನು ನಮ್ಮ ಯಂತ್ರಕ್ಕೆ ಕಲಿಸಿದ್ದು ದೈಹಿಕ ಶಿಕ್ಷಣ ವಿಭಾಗ ಎಂದು.

ಹೊನ್ನಪ್ಪ ಮೈದಾನದಲ್ಲಿ ವಾಲಿಬಾಲ್ ನೆಟ್ಟು ಬಿಗಿಯುತ್ತಿದ್ದ. ಹೋಗಿ ಕೇಳಿದೆ. "ಹೊನ್ನಪ್ಪಾ, ಹೋದ ವರ್ಷದ ಪೇಪರ್ ಓದಿ ತಿದ್ದಿದ್ದಿಯೇನು?"

ಅವನು ಹಗ್ಗ ಬಿಡಲಿಲ್ಲ. "ಖರೆ ಹೇಳ್ಲೇನ್ರಿ ಸರ? ನೀವು ತಿದ್ದು ಅಂದಿದ್ರಿ. ಓದು ಅಂದಿರಲಿಲ್ಲ."

"ಮತ್ತ ಅಂಕ ಹ್ಯಾಂಗ ಕೊಟ್ಟಿ?"

"ಎಷ್ಟ ದೂರ ಓಡ್ಯಾನ ನೋಡಿ ಕೊಟ್ಟೆ. ಪಾಪ ಎರಡ ಪುಟ ಬರದಾನ ಅಂದ್ರ ಅವನ ಕೈ ನೋಯಂಗಿಲ್ಲೇನ್ರಿ?"

ಗಿರಿಜಾಳ ಸಂಗತಿ ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು. ಹಗ್ಗವನ್ನು ಕಂಬಕ್ಕೆ ಸುತ್ತಿ, "ನಡೀರಿ ಹೆಡ್‌ಮಾಸ್ತರ ಹಂತ್ಯಾಕ. ನಾ ಹೇಳತೀನಿ. ಹುಡುಗೀದು ಯಾಕ ಹಾಳ ಆಗಬೇಕು," ಅಂದ.

ಇಬ್ಬರೂ ಹೋಗಿ ನಿಂತೆವು. ಮುಯ್ಯಿಯ ಪೂರ್ಣ ಇತಿಹಾಸವನ್ನು ನಿವೇದಿಸಿದೆವು. ಅಂಗಡಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಂದ್ರ ಕನ್ನಡ ತಿದ್ದಿದವರು ಪಿ.ಟಿ. ಮಾಸ್ತರ ಅಂತ ನಾ ಮ್ಯಾನೇಜ್‌ಮೆಂಟಿಗೆ ಬರದ ಕಳಿಸಬೇಕೇನ್ರಿ?"

"ಬರೀರಿ ಸರ," ಅಂದ ಹೊನ್ನಪ್ಪ. "ವರದಿ ಬೇಕಂದ್ರ ಕನ್ನಡ ಸರ ಬರದುಕೊಡತಾರ."

ಅಂಗಡಿಯವರಿಗೆ ನಗು ಬಂದದ್ದನ್ನು ನಾನು ಕಂಡೆ. ಅವರು ಅದನ್ನು ಕೆಮ್ಮಾಗಿ ಪರಿವರ್ತಿಸಿದರು. ಆಮೇಲೆ ನ್ಯಾಯವಾದ ಒಂದು ಮಾತು ಕೇಳಿದರು. "ಅಂಕ ತಿದ್ದಬೇಕಂದ್ರ ಆಧಾರ ಬೇಕ್ರಿ ಮಾಸ್ತರ. ಎಂಟು, ಒಂಬತ್ತನೇತ್ತಾದವು ನೀವ ಮನಿಗೆ ಒಯ್ದು ತಿದ್ದತಿದ್ರಲ್ಲ? ಆ ಹುಡುಗೀ ಪೇಪರ್ ತರ್ರಿ. ನಿಮ್ಮ ಕೈಯಾಗ ಅಕಿಗೆ ಚೊಲೋ ಅಂಕ ಬಂದಿದ್ವು ಅಂದ್ರ, ತಪ್ಪು ಯಂತ್ರದ್ದು ಅಂತ ನಾ ಬರದ ಮುಗಸ್ತೀನಿ."

ಹಳೆಯ ಪತ್ರಿಕೆಗಳು ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿದ್ದವು. ಒಬ್ಬನೇ ಹೋದೆ. ಇಲಿ ಮುಟ್ಟಿರಲಿಲ್ಲ, ಆ ಕೃಪೆಯೂ ನನಗೆ ಇರಲಿಲ್ಲ. ಒಂಬತ್ತನೆಯದರ ಬಂಡಲ್ಲಿನಲ್ಲಿ ಗಿರಿಜಾಳ ಪತ್ರಿಕೆ ಸಿಕ್ಕಿತು. ಸಣ್ಣ ಗೀಟುಗಳು, ನನ್ನವೇ. ಪ್ರಬಂಧಕ್ಕೆ ಎರಡು ಅಂಕ. ಪತ್ರಕ್ಕೆ ಒಂದೂವರೆ. ಅಂಚಿನಲ್ಲಿ ಕೆಂಪು ಶಾಯಿ, ನನ್ನ ದುಂಡಗಿನ ಅಕ್ಷರ: "ವಿಸ್ತರಿಸಿ ಬರೆ." ಎಂಟನೆಯದನ್ನು ತೆಗೆದೆ. "ಇನ್ನಷ್ಟು ವಿಸ್ತರಿಸಿ ಬರೆ." ಬೇರೆ ಮಕ್ಕಳವನ್ನು ತಿರುವಿದೆ. ಉದ್ದ ಬರೆದವರಿಗೆಲ್ಲ ನಾಲ್ಕು, ನಾಲ್ಕೂವರೆ. ಹೊನ್ನಪ್ಪ ದೂರ ನೋಡಿ ಕೊಟ್ಟಿದ್ದ. ನಾನೂ ದೂರ ನೋಡಿಯೇ ಕೊಟ್ಟಿದ್ದೆ, ಓದಿದಂತೆ ಮುಖ ಮಾಡಿಕೊಂಡು. ಯಂತ್ರ ಅವನ ಅಂಕವನ್ನೂ ನನ್ನ ಮಾತನ್ನೂ ಕಲಿತು ಶ್ರದ್ಧೆಯಿಂದ ಒಪ್ಪಿಸಿತ್ತು. ಅಗದಿ ನನ್ನಂತೆ.

ಹೊರಗೆ ಹಿಂಗಾರಿಯ ಮಳೆ ಬಂದು ಹೋಗಿ, ಮಣ್ಣು ಮೆತ್ತಗಾಗಿತ್ತು. ಪತ್ರಿಕೆಗಳನ್ನು ಅಲ್ಲೇ ಇಟ್ಟು ಸಿಗಲಿಲ್ಲ ಎನ್ನಬಹುದಿತ್ತು. ಆರು ತಿಂಗಳಲ್ಲಿ ನಿವೃತ್ತಿ, ಶಾಲು, ಹಾರ, ಆದರ್ಶ ಶಿಕ್ಷಕ ಎಂದು ಯಾರಾದರೂ ಭಾಷಣ ಮಾಡುವುದು, ಎಲ್ಲ ಕಾದಿತ್ತು. ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು.

ಪತ್ರಿಕೆಗಳನ್ನು ಅಂಗಡಿಯವರ ಮೇಜಿನ ಮೇಲೆ ಇಟ್ಟೆ. ಅವರು ಓದಿದರು. ಮೊದಲು ಅಂಕ, ಆಮೇಲೆ ಅಂಚಿನ ಮಾತು, ಆಮೇಲೆ, ಬಹಳ ಸಾವಕಾಶವಾಗಿ, ಆ ಹುಡುಗಿ ಬರೆದ ನಾಲ್ಕು ನಾಲ್ಕು ಸಾಲು.

"ಯಂತ್ರದ್ದು ತಪ್ಪಿಲ್ರಿ ಸರ," ಅಂದೆ. "ಹೊನ್ನಪ್ಪನದೂ ಇಲ್ಲ."

ಯಂತ್ರ ಕೊಟ್ಟ ಅಂಕವನ್ನು ಬದಲಿಸಲು ಒಂದು ನಮೂನೆ ಇತ್ತು. ವಿಷಯ ಶಿಕ್ಷಕರು ಕಾರಣವನ್ನು ಕೈಯಿಂದ ಬರೆದು ಸಹಿ ಮಾಡಬೇಕು. ಅಂಗಡಿಯವರು ಅದನ್ನು ನನ್ನ ಕಡೆಗೆ ಸರಿಸಿದರು. ಒಂದು ಅಂಕವನ್ನು ನಾಲ್ಕು ಮಾಡಿ, ಕಾರಣ ಎಂಬ ಖಾಲಿ ಜಾಗದಲ್ಲಿ ನಾನು ಬರೆದೆ: "ಶಿಕ್ಷಕರು ಮೂರು ವರ್ಷಗಳಿಂದ ಈ ವಿದ್ಯಾರ್ಥಿನಿಯ ಉತ್ತರಗಳನ್ನು ಓದಿರಲಿಲ್ಲ. ಈಗ ಓದಿದ್ದಾರೆ."

"ಇದು ಮ್ಯಾನೇಜ್‌ಮೆಂಟಿಗೆ ಹೋಗತೈತ್ರಿ ಮಾಸ್ತರ."

"ಹೋಗ್ಲಿ."

"ಬ್ಯಾರೆ ಏನರ ಬರೀರಿ. ತಾಂತ್ರಿಕ ದೋಷ ಅಂತ."

"ಸರ, ಮತ್ತ ವಿಸ್ತರಿಸಿ ಬರಿ ಅನಬ್ಯಾಡ್ರಿ," ಅಂದೆ. ಅವರು ಸಹಿ ಮಾಡಿದರು.

ಮ್ಯಾನೇಜ್‌ಮೆಂಟಿನಿಂದ ಒಂದು ಸಾಲಿನ ಪತ್ರ ಬಂತು: ಹಾಗಾದರೆ ಉಳಿದ ಪತ್ರಿಕೆಗಳನ್ನೂ ಸದರಿ ಶಿಕ್ಷಕರೇ ರಜೆಯಲ್ಲಿ ಓದತಕ್ಕದ್ದು. ದೀಪಾವಳಿಯ ಮರುದಿನ ಹೊನ್ನಪ್ಪ ತಾನಾಗಿ ಮನೆಗೆ ಬಂದ. ಅಂಕ ಕೊಡುವ ಕೆಲಸ ಅವನಿಗೆ ಬೇಡವಾಗಿತ್ತು. ಅವನು ಗಟ್ಟಿಯಾಗಿ ಓದುವುದು, ನಾನು ಕಣ್ಣುಮುಚ್ಚಿ ಕೇಳುವುದು ಎಂದಾಯಿತು. ಅವನು ಪ್ರಬಂಧವನ್ನೂ ಕವಾಯತಿನ ದನಿಯಲ್ಲಿ ಓದುತ್ತಿದ್ದ. "ಗ್ರಂಥಾಲಯವು ಜ್ಞಾನದ ದೇಗುಲ" ಎಂದು ಅವನು ಇಪ್ಪತ್ತನೆಯ ಸಲ ಕೂಗಿದಾಗ ಪಕ್ಕದ ಮನೆಯವರು ಬಂದು ಏನಾತ್ರಿ ಎಂದು ಕೇಳಿ ಹೋದರು. ಪ್ಯಾಕೇಜಿನ ಪಟ್ಟಿಯಿಂದ ಗಿರಿಜಾ ಅಲ್ಲದೆ ಇನ್ನೂ ನಾಲ್ವರು ಹೊರಬಿದ್ದರು. ಉದ್ದ ಬರೆದವರ ಅಂಕವನ್ನು ನಾನು ಇಳಿಸಲಿಲ್ಲ. ಅವರು ನಾನು ಕೇಳಿದ್ದನ್ನು ಕೊಟ್ಟಿದ್ದರು.

ರಜೆ ಮುಗಿಯಿತು. ಗಿರಿಜಾ ಪೂರ್ತಿ ಪಾಠದ ತರಗತಿಗೆ ಬರಲಿಲ್ಲ. ನೋಡಿದರೆ ಪ್ಯಾಕೇಜಿನ ಕೋಣೆಯಲ್ಲಿಯೇ ಹೋಗಿ ಕೂತಿದ್ದಳು. ಕರೆದು ಕೇಳಿದೆ.

"ಈ ಕ್ಲಾಸ್ ಮೂರಕ್ಕ ಬಿಡತೈತ್ರಿ ಸರ. ಆ ಕ್ಲಾಸ್ ಐದೂವರಿಗೆ."

"ಅದಕ್ಕ?"

"ಕಂಡಿಕಿ ಸುತ್ತೂದೈತ್ರಿ."

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ. ಯಾರಾದರೂ ಸುತ್ತಿಕೊಡದಿದ್ದರೆ ನೇಯುವವರ ಕೈ ನಿಲ್ಲುತ್ತದೆ. ಸವಿತಾಳನ್ನು ಕರೆದುಕೊಂಡು ಸಂಜೆ ಅವರ ಮನೆಗೆ ಹೋದೆ. ರತ್ನವ್ವ ಕುಣಿಮಗ್ಗದಲ್ಲಿ ಕೂತಿದ್ದಳು, ಸೊಂಟದವರೆಗೆ ನೆಲದೊಳಗೆ. ಏಳಲು ಹೋದವಳನ್ನು ಬೇಡ ಎಂದು ನಿಲ್ಲಿಸಿ, ನೆಲದ ಮೇಲೆ ಕೂತೆ. ಮೂರು ವರ್ಷ ಅವಳ ಮಗಳಿಗೆ ಪಾಠ ಹೇಳಿದವನು ಅವತ್ತು ಮೊದಲ ಸಲ ಅವರ ಹೊಸ್ತಿಲು ದಾಟಿದ್ದೆ. ಸವಿತಾ ಎಲ್ಲವನ್ನೂ ಬಿಡಿಸಿ ಹೇಳಿದಳು.

"ನನಗೇನೂ ಹೇಳಿಲ್ರಿ ಅಕಿ," ಅಂದಳು ರತ್ನವ್ವ. "ಅಕಿ ಮಾತ ಹಂಗ ರೀ. ಉಂಡಿಯೇನು ಅಂದ್ರ ಹೂಂ. ಏನ ಉಂಡಿ ಅಂದ್ರ ಅನ್ನ. ಪರೀಕ್ಷಿ ಹ್ಯಾಂಗಾತು ಅಂದ್ರ, ಆತು." ಆಮೇಲೆ ಮಗಳ ಕಡೆ ತಿರುಗಿದಳು. "ಗಣಿತದಾಗ ಮೊದಲನೇಕಿ ಅಂತಲ್ಲೇ? ಕಂಡಿಕಿ ನಾ ಮುಂಜಾನೆ ಎದ್ದು ಸುತ್ಕೋತೀನಿ. ನೀ ಐದೂವರಿಗೇ ಬಾ."

"ಸೀರಿ ಎರಡ ದಿನ ತಡ ಆಗತೈತೆವ್ವ."

"ಆಗ್ಲಿ. ಉಡಾಕಿ ಬತ್ತಲೆ ಕುಂತಿಲ್ಲ."

ಹೀಗೆ ನವೆಂಬರಿನಿಂದ ಗಿರಿಜಾ ಪೂರ್ತಿ ಪಾಠದ ತರಗತಿಗೆ ಬಂದಳು. ಒಂದು ವಾರದ ನಂತರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಆ ವರ್ಷ ಆ ಬಾಗಿಲಿಗೆ ತಾನಾಗಿ ಬಂದವಳು ಅವಳೊಬ್ಬಳೇ.

"ಸರ, ಬೋರ್ಡ್ ಪರೀಕ್ಷಿ ಪೇಪರ್ ಯಾರ ತಿದ್ದತಾರ್ರಿ?"

"ಮಾಸ್ತರು ತಿದ್ದತಾರ. ಬ್ಯಾರೆ ಊರವರು."

"ಅವ್ರು ಹ್ಯಾಂಗ ತಿದ್ದತಾರ್ರಿ?"

ಚೆನ್ನಾಗಿಯೇ ತಿದ್ದುತ್ತಾರೆ, ನೀನು ಬರೆದಂತೆಯೇ ಬರೆ ಎನ್ನಲು ಬಾಯಿಗೆ ಬಂದಿತ್ತು. ಕೇಳಲು ಚಂದದ ಮಾತು. ಅದನ್ನು ಹೇಳಿ ನಾನು ಒಳ್ಳೆಯವನಾಗುತ್ತಿದ್ದೆ, ಅಂಕ ಹೋಗುವುದು ಅವಳದಾಗುತ್ತಿತ್ತು.

"ಒಬ್ಬರೊಬ್ಬರು ಓದಿ ತಿದ್ದತಾರವ್ವ," ಅಂದೆ. "ಒಬ್ಬರೊಬ್ಬರು ನನ್ನಂಗ ಇರತಾರ."

"ಹಂಗಾರ ಉದ್ದಾನ ಬರೀತೀನಿ ಬಿಡ್ರಿ," ಅಂದಳು. ಪೇಟೆಗೆ ಹೋಗುವಾಗ ಚಪ್ಪಲಿ ಮೆಟ್ಟುತ್ತೇನೆ ಎನ್ನುವಷ್ಟೇ ಸಹಜವಾಗಿ.

ಚಳಿ ಬಂತು. ಕಡಲೆ ಹೂ ಬಿಟ್ಟು ಕಾಯಾಗುವಷ್ಟರಲ್ಲಿ ಅವಳು ಉದ್ದ ಬರೆಯಲು ಕಲಿತಳು. ನಾನೇ ಕಲಿಸಿದೆ. ಒಂದು ಮಾತನ್ನು ಮೂರು ಮಾಡುವುದು, ಪೀಠಿಕೆಗೆ ಒಂದು ದೇಗುಲ ಕಟ್ಟುವುದು, ಉಪಸಂಹಾರದಲ್ಲಿ ಆ ದೇಗುಲಕ್ಕೆ ಕಳಸ ಇಡುವುದು. ಜೀವಮಾನದ ವಿದ್ಯೆ, ಮುಚ್ಚಿಟ್ಟುಕೊಳ್ಳದೆ ಧಾರೆಯೆರೆದೆ. ಅವಳು ಅದನ್ನು ಲೆಕ್ಕದ ಸೂತ್ರದಂತೆ ಹಿಡಿದುಕೊಂಡಳು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ "ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆ" ಎಂಬ ಪ್ರಬಂಧಕ್ಕೆ ಮೂರು ಪುಟ ಬರೆದಳು. ಯಂತ್ರ ಐದಕ್ಕೆ ಐದು ಕೊಟ್ಟಿತು. ಈ ಸಲ ನಾನೂ ಓದಿದೆ, ಎರಡು ಬಾರಿ. ಎಲ್ಲಿಯೂ ತಪ್ಪಿರಲಿಲ್ಲ, ಎಲ್ಲಿಯೂ ಗಿರಿಜಾ ಇರಲಿಲ್ಲ.

ಬೋರ್ಡಿನ ಪರೀಕ್ಷೆಯನ್ನೂ ಅವಳು ಹಾಗೆಯೇ ಬರೆದಿರಬೇಕು. ಕನ್ನಡದಲ್ಲಿ ತೊಂಬತ್ತರ ಮೇಲೆ ಬಂತು. ಈಗ ಗದಗಿನಲ್ಲಿ ಪಿಯುಸಿ ಸೈನ್ಸಿನಲ್ಲಿದ್ದಾಳೆ. ಸವಿತಾ ಮಿಸ್ ಸಿಕ್ಕಾಗಲೆಲ್ಲ ಸುದ್ದಿ ಹೇಳುತ್ತಾಳೆ.

ಆದರೆ ಓದುವ ರಜೆಗೆ ಮಕ್ಕಳನ್ನು ಬಿಡುವ ಹಿಂದಿನ ದಿನ, ಜನವರಿಯ ಪತ್ರಿಕೆಗಳನ್ನು ಹಂಚಿದ ಮೇಲೆ, ಅವಳು ನನ್ನ ಮೇಜಿನ ಹತ್ತಿರ ಬಂದಳು. ಆ ಮೂರು ಪುಟದ ಪ್ರಬಂಧವನ್ನು ಮುಂದಿಟ್ಟು, "ಇದು ಬೋರ್ಡಿನವ್ರಿಗೆ ಬರಿಯೋ ಹಂಗ ಬರದಿದ್ದು ಸರ," ಅಂದಳು. ಆಮೇಲೆ ನೋಟ್‌ಬುಕ್ಕಿನಿಂದ ಹರಿದ ಒಂದು ಕಾಗದ ಕೊಟ್ಟಳು. "ಇದು ನಿಮಗ."

ಮೇಲೆ ಅದೇ ಪ್ರಬಂಧದ ಹೆಸರು. ಕೆಳಗೆ ಮೂರು ಸಾಲು.

"ಯಂತ್ರ ನನಗೆ ಒಂದು ಅಂಕ ಕೊಟ್ಟಿತು. ಸರ್ ಓದಿ ನಾಲ್ಕು ಕೊಟ್ಟರು. ನಾನು ಬರೆದದ್ದು ಅಷ್ಟೇ ಇತ್ತು."

ಅಭ್ಯಾಸಬಲದಿಂದ ಕೆಂಪು ಪೆನ್ನಿನ ಟೋಪಿ ತೆಗೆದೆ. ಅವಳು ಅಂಗೈಯನ್ನು ಕಾಗದದ ಮೇಲೆ ಇಟ್ಟಳು.

"ಮಾರ್ಕ್ಸ ಹಾಕಬ್ಯಾಡ್ರಿ ಸರ," ಅಂದಳು. "ಓದ್ರಿ ಅಷ್ಟ."